ಕೋಡಿಬಾಗದ ದಂಡೆಯಲ್ಲಿ ಒಂದು ವರ್ಷ

ನನ್ನ ಜಾಗ ದೊಡ್ಡದೇನಲ್ಲ. ಕಾರವಾರದ ಕೋಡಿಬಾಗದಿಂದ ಕಾಳಿ ನದಿ ಕಡಲು ಸೇರುವ ಮೂಲೆಯ ತನಕ, ಅಷ್ಟೇ. ಎದುರಿಗೆ ಸದಾಶಿವಗಡದ ಗುಡ್ಡ. ವಾರಕ್ಕೆರಡು ಸಲ ಅದೇ ದಾರಿಯಲ್ಲಿ ನಡೆದು, ಕಂಡ ಹಕ್ಕಿಗಳನ್ನೆಲ್ಲ ಎಣಿಸಿ ಬರೆದಿಡುವುದು. ಕಾಗೆಯನ್ನೂ ಬಿಡುವಂತಿಲ್ಲ.

ಅಕ್ಟೋಬರ್‌ನಲ್ಲಿ ಶುರು ಮಾಡಿದೆ. ಮೊದಲ ಎರಡು ತಿಂಗಳು ದಂಡ. ನಾನು ಶಿರಸಿ ಕಡೆಯವನು, ಹಕ್ಕಿ ನೋಡಬೇಕಾದರೆ ಬೆಳಗ್ಗೆ ಆರಕ್ಕೇ ಹೋಗಬೇಕು ಅನ್ನುವುದು ಕಾಡಿನ ಲೆಕ್ಕ. ಇಲ್ಲಿ ಒಂದು ದಿನ ಮರಳ ತುಂಬ ಹಕ್ಕಿ, ಇನ್ನೊಂದು ದಿನ ಅದೇ ಹೊತ್ತಿಗೆ ಹೋದರೆ ಎರಡೋ ಮೂರೋ. ಬಲೆ ರಿಪೇರಿ ಮಾಡುತ್ತಿದ್ದ ಒಬ್ಬರು ನನ್ನನ್ನು ದಿನಾ ನೋಡಿ ನೋಡಿ ಕೊನೆಗೆ ಹೇಳಿದರು: "ಸರ್, ಗಡಿಯಾರ ನೋಡಿ ಬಂದ್ರೆ ಆಗೂದಿಲ್ಲ. ಸುಕತಿಯಲ್ಲಿ ಹಕ್ಕಿ ಎಲ್ಲಾ ಕಡೆ ಚದುರಿ ಇರ್ತದೆ. ಭರತಿ ಏರೋ ಹೊತ್ತಿಗೆ ಬನ್ನಿ."

ಸುಕತಿ ಅಂದರೆ ಕಡಲ ನೀರು ಇಳಿದ ಹೊತ್ತು, ಭರತಿ ಅಂದರೆ ಏರಿದ ಹೊತ್ತು. ಸರಿಯೇ ಅಲ್ವಾ? ನೀರು ಏರಿದಂತೆ ಕೆಸರು, ಮರಳು ಮುಳುಗುತ್ತದೆ. ಮೇಯುತ್ತಿದ್ದವೆಲ್ಲ ಉಳಿದ ಚೂರು ಮರಳಿಗೆ ಬಂದು ಕೂರುತ್ತವೆ. ಭರತಿ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುವುದರಿಂದ ನನ್ನ ಆರು ಗಂಟೆ ಒಂದು ವಾರ ಸರಿ, ಮರುವಾರ ತಪ್ಪು. ಆಮೇಲೆ ಭರತಿಗೆ ಒಂದೂವರೆ ಗಂಟೆ ಮೊದಲೇ ಹೋಗಿ ಕೂರತೊಡಗಿದೆ. ನಡು ಮಧ್ಯಾಹ್ನವಾದರೂ ಸರಿ. ಅಮಾವಾಸ್ಯೆ, ಹುಣ್ಣಿಮೆಗೆ ನೀರು ಜಾಸ್ತಿ ಏರುತ್ತದೆ, ಹಕ್ಕಿ ಇನ್ನೂ ಹತ್ತಿರ ಸಿಗುತ್ತವೆ.

ಗಲ್ ಅನ್ನುವ ಕಡಲಹಕ್ಕಿಗಳನ್ನು ಗುರುತಿಸುವುದು ಸುಲಭ. ಚಳಿಗಾಲದಲ್ಲಿ ಬಿಳಿ ತಲೆ, ಕಣ್ಣ ಹಿಂದೆ ಕಪ್ಪು ಚುಕ್ಕೆ. ಮಾರ್ಚ್ ಹೊತ್ತಿಗೆ ಅದೇ ತಲೆ ಕಂದು ಟೊಪ್ಪಿಗೆ ಹಾಕಿಕೊಳ್ಳುತ್ತದೆ, ಆಮೇಲೆ ಹಕ್ಕಿಯೇ ಮಾಯ. ಅಲೆ ಹಿಂದೆ ಸರಿದಾಗ ಓಡಿ ಹೋಗಿ, ಅಲೆ ಬಂದಾಗ ಓಡಿ ಬರುವುದು ಸ್ಯಾಂಡರ್ಲಿಂಗ್. ಓಟದಿಂದಲೇ ಗುರುತು. ಕಾಟ ಕೊಟ್ಟದ್ದು ಪ್ಲೋವರ್‌ಗಳು, ಮರಳಲ್ಲಿ ಓಡಾಡುವ ಪುಟ್ಟ ಹಕ್ಕಿಗಳು; ಒಂದು ಜಾತಿ ಇನ್ನೊಂದರಂತೆಯೇ ಕಾಣುತ್ತದೆ.

ಜೂನ್, ಜುಲೈ ಎರಡೂ ತಿಂಗಳು ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ದಂಡೆಯಲ್ಲಿ ಮೀನೂ ಇಲ್ಲ, ಗರುಡಗಳೂ ಕಡಿಮೆ. ಎಷ್ಟೋ ದಿನ ಕಾಗೆ ಬಿಟ್ಟರೆ ಪುಟ ಖಾಲಿ. ಆದರೂ ಹೋಗಿ "ಇಲ್ಲ" ಅಂತ ಬರೆದೆ. ಗಾಳಿಮಳೆ ನಿಂತ ಒಂದು ಬೆಳಗ್ಗೆ ಸುಸ್ತಾದ ಬ್ರೈಡಲ್ಡ್ ಟರ್ನ್ ಒಂದು ಮರಳ ಮೇಲೆ ಕೂತಿತ್ತು. ನಡುಗಡಲಿನ ಹಕ್ಕಿ. ಕಣ್ಣಿನ ಹಿಂದಕ್ಕೂ ಚಾಚಿದ ಬಿಳಿ ಹುಬ್ಬು. ನಾಯಿಗಳನ್ನು ಓಡಿಸುತ್ತ ಕೂತೆ, ಮಧ್ಯಾಹ್ನ ಎದ್ದು ಹಾರಿತು.

ಆಗಸ್ಟ್ ಕೊನೆಗೆ ಸ್ಯಾಂಡ್ ಪ್ಲೋವರ್‌ಗಳು ವಾಪಸ್. ಕೆಲವುಗಳ ಎದೆಯಲ್ಲಿ ಇನ್ನೂ ಇಟ್ಟಿಗೆ ಬಣ್ಣ. ಹತ್ತಿರದಿಂದ ನೋಡಿದಾಗ ಹೊಳೆಯಿತು: ಕೆಂಟಿಷ್ ಪ್ಲೋವರ್‌ಗೆ ಕುತ್ತಿಗೆಯ ಹಿಂದೆ ಬಿಳಿ ಪಟ್ಟಿ ಇರುತ್ತದೆ, ಇವಕ್ಕೆ ಇಲ್ಲ. ನವೆಂಬರ್‌ನ ಪುಟ ತೆಗೆದೆ. "ಕೆಂಟಿಷ್ 80" ಅಂತ ಧೈರ್ಯವಾಗಿ ಬರೆದಿದ್ದೆ. ಅಳಿಸಲಿಲ್ಲ. ಪಕ್ಕದಲ್ಲಿ ಪೆನ್ಸಿಲ್‌ನಿಂದ "ಪಟ್ಟಿ ನೋಡಿಲ್ಲ" ಅಂತ ಸೇರಿಸಿದೆ.