ಇಸ್ರೇಲಿಗೆ ಕೆಲಸಕ್ಕೆ ಬಂದವರಿಗೆ: ಅಜ್ಜಿ ಮನೆಯ ಪುಸ್ತಕದ ಕಪಾಟು

ಮಂಗಳೂರು, ಉಡುಪಿ ಕಡೆಯಿಂದ ವಯಸ್ಸಾದವರನ್ನು ನೋಡಿಕೊಳ್ಳಲು ಇಸ್ರೇಲಿಗೆ ಬರುವವರಿಗೆ ಮಾತ್ರೆ, ಸ್ನಾನ, ವೀಲ್‌ಚೇರ್ ಎಲ್ಲ ಹೇಳಿಕೊಡುತ್ತಾರೆ. ಮಡಿವಂತ ಯಹೂದಿ ಮನೆಯ ಪುಸ್ತಕದ ಕಪಾಟಿನ ಬಗ್ಗೆ ನನಗೆ ಯಾರೂ ಹೇಳಿರಲಿಲ್ಲ. ಮೊದಲ ವಾರ ಧೂಳು ಒರೆಸುವಾಗ ನಾಲ್ಕು ಪುಸ್ತಕ ತೆಗೆದು ನೆಲದ ಮೇಲಿಟ್ಟೆ. ಕುರ್ಚಿಯಿಂದ ಏಳಲಾಗದ ಅಜ್ಜಿ ಗಾಬರಿಯಿಂದ ಏಳಲು ನೋಡಿದರು.

ಪುಸ್ತಕಕ್ಕೆ ಕಾಲು ತಾಗಿದರೆ ನಾವು ಕಣ್ಣಿಗೆ ಒತ್ತಿಕೊಳ್ಳುತ್ತೇವೆ ಅಲ್ವಾ? ಇಲ್ಲಿ ಕೆಳಗೆ ಬಿದ್ದರೆ ಎತ್ತಿ ಮುತ್ತಿಡುತ್ತಾರೆ. ನೆಲದ ಮೇಲೆ ಇಡಬೇಡಿ, ಬಚ್ಚಲಿಗೆ ಒಯ್ಯಬೇಡಿ, ತೆರೆದದ್ದನ್ನು ಬೋರಲು ಹಾಕಬೇಡಿ. ಹೀಬ್ರೂ ಬಲದಿಂದ ಎಡಕ್ಕೆ ಹೋಗುತ್ತದೆ, ಹಾಗಾಗಿ ನಮ್ಮ ಕಣ್ಣಿಗೆ ಹಿಂದಿನ ರಟ್ಟು ಅನಿಸುವುದೇ ಮುಂದಿನದು. ಹರಿದ ಹಾಳೆ ಸಿಕ್ಕರೆ ಕಸಕ್ಕೆ ಹಾಕಲೇಬೇಡಿ. ದೇವರ ಹೆಸರಿರುವ ಹಳೆಯ ಪುಸ್ತಕಗಳನ್ನು ಗೆನಿಜಾ ಅನ್ನುವ ಪೆಟ್ಟಿಗೆಯಲ್ಲಿ ಕೂಡಿಟ್ಟು ಆಮೇಲೆ ಮಣ್ಣು ಮಾಡುತ್ತಾರೆ, ಆ ಪೆಟ್ಟಿಗೆ ಅವರ ಪ್ರಾರ್ಥನಾ ಮಂದಿರವಾದ ಸಿನಗಾಗ್‌ನಲ್ಲಿ ಇರುತ್ತದೆ, ಮನೆಯವರ ಕೈಗೆ ಕೊಟ್ಟರೆ ಸಾಕು.

ಈಗ ಯಾವುದು ಏನು. ಹುಮಾಶ್ ಅಂದರೆ ಯಹೂದಿಗಳ ಮೂಲ ಧರ್ಮಗ್ರಂಥ ತೋರಾದ 5 ಪುಸ್ತಕ ಅಚ್ಚಾದದ್ದು. ಕನ್ನಡ ಬೈಬಲ್ ಓದಿದವರಿಗೆ ಇದು ಹೊಸದಲ್ಲ, ಆದಿಕಾಂಡದಿಂದ ಧರ್ಮೋಪದೇಶಕಾಂಡದವರೆಗಿನ ಅದೇ ಐದು. ಇದರ ಮೇಲೆ ಬೇರೆ ಪುಸ್ತಕ ಪೇರಿಸಬಾರದು, ಕಟ್ಟಿನಲ್ಲಿ ಇದೇ ಮೇಲಿರಬೇಕು. ತೆಹಿಲಿಮ್ ಅಂದರೆ 150 ಕೀರ್ತನೆಗಳು, ಯಾರಿಗಾದರೂ ಹುಷಾರಿಲ್ಲ ಅಂದರೆ ಅಜ್ಜಿ ಮೊದಲು ಕೇಳುವುದು ಇದನ್ನೇ. ಸಿದ್ದೂರ್ ದಿನದ ಪ್ರಾರ್ಥನೆಗೆ, ಮಹಜೋರ್ ಹಬ್ಬಕ್ಕೆ. ದಪ್ಪ ದಪ್ಪ ಪುಸ್ತಕಗಳ ಸಾಲು ಕಂಡರೆ ಅದು ಹೆಚ್ಚಾಗಿ ತಾಲ್ಮುದ್, ಅಂದರೆ ಧರ್ಮದ ನಿಯಮಗಳ ಬಗ್ಗೆ ಹಿರಿಯರು ಮಾಡಿದ ಚರ್ಚೆಗಳ ಗ್ರಂಥ. ದಿನಕ್ಕೊಂದು ಹಾಳೆಯಂತೆ ಓದಿದರೆ ಅದು ಮುಗಿಯಲು ಏಳೂವರೆ ವರ್ಷ ಬೇಕು, 1923ರಿಂದ ಲೋಕದ ಎಲ್ಲ ಕಡೆ ಒಂದೇ ದಿನ ಒಂದೇ ಹಾಳೆ ಓದುತ್ತಾ ಬಂದಿದ್ದಾರೆ.

ಪ್ರಾರ್ಥನೆ ದಿನಕ್ಕೆ ಮೂರು ಸಲ: ಶಹರಿತ್, ಮಿನ್ಹಾ, ಮಾರಿವ್. ಅದರಲ್ಲಿ ಅಮಿದಾ ಅನ್ನುವ ಭಾಗವನ್ನು ಜೆರುಸಲೇಮ್ ಕಡೆ ಮುಖ ಮಾಡಿ ಪಿಸುಮಾತಿನಲ್ಲಿ ಹೇಳುತ್ತಾರೆ. ಆಗ ಮಾತ್ರೆ, ಫೋನ್ ಅಂತ ನಡುವೆ ಕರೆಯಬೇಡಿ, ಅವರು ಉತ್ತರ ಕೊಡುವುದಿಲ್ಲ, ಸಿಟ್ಟಲ್ಲ ಅದು. ಕೊನೆಗೆ ಮೂರು ಹೆಜ್ಜೆ ಹಿಂದೆ ಸರಿಯುತ್ತಾರೆ, ಕಾಲಿನಲ್ಲಿ ಶಕ್ತಿ ಇಲ್ಲದ ಅಜ್ಜನಾದರೆ ಆ ಹೊತ್ತಿಗೆ ಹಿಂದೆ ನಿಂತಿರಿ.

ಸಿನಗಾಗ್‌ಗೆ ಕರೆದುಕೊಂಡು ಹೋದರೆ ತೋರಾದ ಸುರುಳಿ ನೋಡುತ್ತೀರಿ. ಚರ್ಮದ ಹಾಳೆಯ ಮೇಲೆ ಕೈಯಲ್ಲೇ ಬರೆದದ್ದು, 3,04,805 ಅಕ್ಷರ. ಒಂದೇ ಒಂದು ಅಕ್ಷರ ಬಿಟ್ಟುಹೋದರೂ ತಿದ್ದುವ ತನಕ ಓದಲು ಬರುವುದಿಲ್ಲ! ಬರಿಗೈಯಲ್ಲಿ ಮುಟ್ಟುವುದಿಲ್ಲ, ಓದುವವರು ಯಾದ್ ಅನ್ನುವ ಸಣ್ಣ ಕಡ್ಡಿಯಿಂದ ಸಾಲು ತೋರಿಸಿಕೊಂಡು ಹೋಗುತ್ತಾರೆ. ಸೋಮವಾರ, ಗುರುವಾರ, ಶನಿವಾರ ಓದುವುದು. ಪ್ರತಿ ವಾರಕ್ಕೂ ಒಂದು ಪಾಲು ಇರುತ್ತದೆ, ಅದಕ್ಕೆ ಪಾರಾಶಾ ಅಂತ ಹೆಸರು. ವರ್ಷಕ್ಕೊಮ್ಮೆ ಸಿಂಹತ್ ತೋರಾ ಹಬ್ಬದಲ್ಲಿ ಕೊನೆ ಮುಟ್ಟಿ, ಅದೇ ದಿನ ಮತ್ತೆ ಮೊದಲಿನಿಂದ ಶುರು ಮಾಡುತ್ತಾರೆ. "ಈ ವಾರ ಯಾವ ಪಾರಾಶಾ?" ಅಂತ ಸುಮ್ನೆ ಕೇಳಿ ನೋಡಿ, ನಮ್ಮ ಅಜ್ಜಿ ಅರ್ಧ ಗಂಟೆ ಕಥೆ ಹೇಳುತ್ತಿದ್ದರು, ನನ್ನ ಹೀಬ್ರೂ ಸುಧಾರಿಸಿದ್ದೇ ಹಾಗೆ.

ಶುಕ್ರವಾರ ಮಾತ್ರ ಜಾಸ್ತಿ ಗಮನ ಬೇಕು. ಇಲ್ಲಿ ದಿನ ಶುರುವಾಗುವುದು ಸೂರ್ಯ ಮುಳುಗಿದಾಗ. ಶುಕ್ರವಾರ ಸಂಜೆಯಿಂದ ಶನಿವಾರ ರಾತ್ರಿವರೆಗಿನ ವಿಶ್ರಾಂತಿಯ ದಿನ ಶಬ್ಬಾತ್, ಅದು ಬಂದ ಮೇಲೆ ಮನೆಯವರು ಸ್ವಿಚ್ ಮುಟ್ಟುವ ಹಾಗಿಲ್ಲ. ಪಾಪ ಕತ್ತಲಲ್ಲಿ ಕೂತಿದ್ದಾರೆ ಅಂತ ನೀವಾಗಿ ದೀಪ ಹಾಕಿದರೆ, ಅವರಿಗಾಗಿ ಹಾಕಿದ ಆ ಬೆಳಕಿನಲ್ಲಿ ಓದಲು ಅವರು ಒಪ್ಪದಿರಬಹುದು. ಆರೋಗ್ಯ ಕೆಟ್ಟರೆ ಬೇರೆ ಮಾತು, ಜೀವ ಉಳಿಸಲು ಶಬ್ಬಾತ್ ಮುರಿಯಲೇಬೇಕು ಅನ್ನುವುದು ಅವರದ್ದೇ ನಿಯಮ, ತಡಮಾಡದೆ ಆಂಬುಲೆನ್ಸ್ ನಂಬರ್ 101ಕ್ಕೆ ಫೋನ್ ಮಾಡಿ. ಉಳಿದಂತೆ, ಹೊತ್ತು ಮುಳುಗುವ ಮುಂಚೆಯೇ ಕುರ್ಚಿ ಪಕ್ಕದ ದೀಪ ಹಾಕಿಡಿ, ಕನ್ನಡಕ, ಸಿದ್ದೂರ್, ಹುಮಾಶ್ ಮೂರನ್ನೂ ಕೈಗೆ ಸಿಗುವ ಹಾಗೆ ಇಡಿ. ಹುಮಾಶ್ ಮೇಲೆ.