ಅಂಗಡಿಗೆ ಆ್ಯಪ್ ಮಾಡಿಸುವ ಮೊದಲು

ಬಸವನಗುಡಿಯಲ್ಲಿ ಕುರುಕು ತಿಂಡಿಯ ಅಂಗಡಿ ಇಟ್ಟಿರುವ ನೆರೆಯವರು ‘ನಮಗೂ ಒಂದು ಆ್ಯಪ್ ಬೇಕು’ ಎಂದು ಮೊನ್ನೆ ಕೇಳಿದರು. ಬೇಡ ಎಂದೆ. ಕೋಡುಬಳೆಯ ಬೆಲೆ ತೋರಿಸಿ ಆರ್ಡರ್ ಪಡೆಯುವುದಕ್ಕೆ ವೆಬ್ ಆ್ಯಪ್, ಅಂದರೆ ಬ್ರೌಸರಿನಲ್ಲೇ ತೆರೆದು ಆ್ಯಪ್‌ನಂತೆ ನಡೆಯುವ ವೆಬ್‌ಸೈಟ್, ಧಾರಾಳವಾಗಿ ಸಾಕು. ಒಂದೇ ಕೋಡ್ ಆಂಡ್ರಾಯ್ಡ್‌ನಲ್ಲೂ ಐಫೋನಿನಲ್ಲೂ ನಡೆಯುತ್ತದೆ. ಆ್ಯಪ್ ಸ್ಟೋರಿನಲ್ಲಿ ಇಡಲು ಆಪಲ್‌ಗೆ ವರ್ಷಕ್ಕೆ 99 ಡಾಲರ್, ಗೂಗಲ್ ಪ್ಲೇಗೆ ಒಮ್ಮೆ 25 ಡಾಲರ್ ಕಟ್ಟುವುದೂ ತಪ್ಪುತ್ತದೆ.

ಸರ್ವಿಸ್ ವರ್ಕರ್ (ಬ್ರೌಸರ್ ಹಿನ್ನೆಲೆಯಲ್ಲಿ ಓಡಿಸುವ ಪುಟ್ಟ ಸ್ಕ್ರಿಪ್ಟ್) ಬರೆಯಲು ಮಾತ್ರ ಮರೆಯಬೇಡಿ. ಅದು ಪುಟಗಳನ್ನು ಫೋನಿನಲ್ಲೇ ಕೂಡಿಟ್ಟುಕೊಳ್ಳುವುದರಿಂದ ನೆಲಮಾಳಿಗೆಯಲ್ಲಿ ಸಿಗ್ನಲ್ ಸತ್ತರೂ ಪಟ್ಟಿ ತೆರೆಯುತ್ತದೆ. ಏರೋಪ್ಲೇನ್ ಮೋಡ್ ಹಾಕಿ ಪರೀಕ್ಷಿಸಿ.

ಐಫೋನಿನದ್ದು ಸ್ವಲ್ಪ ಬಿಗುಮಾನ. 2023ರಲ್ಲಿ ಬಂದ ಐಒಎಸ್ 16.4ರಿಂದ ವೆಬ್ ಆ್ಯಪ್ ಕೂಡ ನೋಟಿಫಿಕೇಶನ್ ಕಳುಹಿಸಬಲ್ಲದು. ಆದರೆ ಗ್ರಾಹಕರು ಅದನ್ನು ಹೋಮ್ ಸ್ಕ್ರೀನಿಗೆ ಸೇರಿಸಿ, ಅನುಮತಿಯನ್ನೂ ಕೊಟ್ಟಿರಬೇಕು. ಹೇಳಿಕೊಡದಿದ್ದರೆ ಯಾರೂ ಸೇರಿಸುವುದಿಲ್ಲ. ಆ ಎರಡು ಹೆಜ್ಜೆಗಳನ್ನು ಚಿತ್ರ ಸಮೇತ ಕನ್ನಡದಲ್ಲಿ ಮುದ್ರಿಸಿ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಅಂಟಿಸಿ. ನಮ್ಮ ನೆರೆಯವರು ಹಾಗೆಯೇ ಮಾಡಿದ್ದಾರೆ, ಯುಪಿಐ ಕ್ಯೂಆರ್ ಫಲಕದ ಕೆಳಗೇ.

ಡೆಲಿವರಿ ಹುಡುಗರ ಜಾಡನ್ನು ಪರದೆ ಆರಿದಾಗಲೂ ಹಿಡಿಯಬೇಕು ಅಥವಾ ಐಫೋನಿನಿಂದ ಬ್ಲೂಟೂತ್ ಪ್ರಿಂಟರ್‌ಗೆ ಬಿಲ್ ಕಳುಹಿಸಬೇಕು ಎಂದಾದರೆ ವೆಬ್ ಆ್ಯಪ್ ಕೈಕೊಡುತ್ತದೆ. ಆಗ ಆಯಾ ಫೋನಿಗೆಂದೇ ಬರೆದ ನೇಟಿವ್ ಆ್ಯಪ್‌ಗೇ ದುಡ್ಡು ಹಾಕಿ.