ಮೊದಲ ದಿನ ನಿಲ್ಲಿಸುವುದಿಲ್ಲ: ಮಕ್ಕಳಿಗೆ ಸರ್ಫಿಂಗ್ ಕಲಿಸಿದ ನನ್ನ ಅನುಭವ

ಹೋದ ಬೇಸಿಗೆ ರಜೆಯಲ್ಲಿ ನನ್ನ ಹತ್ತಿರ 19 ಮಕ್ಕಳು ಸರ್ಫಿಂಗ್, ಅಂದರೆ ಬೋರ್ಡ್ ಮೇಲೆ ನಿಂತು ಅಲೆಯಲ್ಲಿ ಜಾರುವುದನ್ನು ಕಲಿತರು. ಗುಂಪಿನಲ್ಲಲ್ಲ, ಒಬ್ಬೊಬ್ಬರಾಗಿ, ತಲಾ ಮೂರು ದಿನ. ಅವರಲ್ಲಿ 16 ಮಕ್ಕಳು ಮೂರನೇ ಬೆಳಗ್ಗೆ ನಾನು ಬೋರ್ಡ್ ಮುಟ್ಟದೆಯೇ ಮುರಿದ ಅಲೆಯ ನೊರೆಯಲ್ಲಿ ತಾವೇ ಎದ್ದು ನಿಂತು ದಡಕ್ಕೆ ಬಂದರು. ಮೊದಲ ದಿನ ಮಗುವನ್ನು ಬೋರ್ಡ್ ಮೇಲೆ ನಿಲ್ಲಿಸದ ಈ ಕ್ರಮದ ಬಗ್ಗೆ ಮೂರು ವರ್ಷದ ಹಿಂದೆ ಹೇಳಿದಾಗ ನಮ್ಮ ಕಡೆಯ ಹುಡುಗರು ಯಾರೂ ಒಪ್ಪಿರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾನಿರುವುದು ಮಂಗಳೂರಿಗೆ ಹತ್ತಿರದ ಮೂಲ್ಕಿ, ಸಸಿಹಿತ್ಲು ಕಡೆ. ಶಾಂಭವಿ, ನಂದಿನಿ ಎರಡೂ ಹೊಳೆ ಸೇರಿ ಕಡಲಿಗೆ ಬೀಳುವ ಜಾಗ. ಇಲ್ಲಿ ಸರ್ಫಿಂಗ್ ಹೊಸದಲ್ಲ. 2004ರಲ್ಲಿ ಮೂಲ್ಕಿಯ ಆಶ್ರಮದಲ್ಲಿ ಮಂತ್ರ ಸರ್ಫ್ ಕ್ಲಬ್ ಶುರುವಾದಾಗಿನಿಂದ ಊರಿನ ಹುಡುಗರು ಬೋರ್ಡ್ ಹಿಡಿದಿದ್ದಾರೆ. 2016ರಲ್ಲಿ ಇಂಡಿಯನ್ ಓಪನ್ ಸರ್ಫಿಂಗ್ ಸ್ಪರ್ಧೆ ಸಸಿಹಿತ್ಲಿನಲ್ಲೇ ನಡೆಯಿತು. ಹಾಗಾಗಿ ಇಲ್ಲಿ ಕಲಿಸುವವರಿಗೆ ಬರ ಇಲ್ಲ. ನಾನು ಕಲಿತದ್ದು ದೊಡ್ಡವರಿಗೆ ಹೇಳಿಕೊಡುವ ಕ್ರಮ. ಅದನ್ನೇ ಮಕ್ಕಳಿಗೂ ಮಾಡುತ್ತಿದ್ದೆ. ಮರಳಿನ ಮೇಲೆ ಹತ್ತು ಸಲ ಎದ್ದು ನಿಲ್ಲುವ ಅಭ್ಯಾಸ, ಆಮೇಲೆ ಸೀದಾ ನೀರು, ಹಿಂದಿನಿಂದ ಬೋರ್ಡ್ ಹಿಡಿದು ತಳ್ಳುವುದು, "ಏಳು, ಏಳು" ಅಂತ ಕೂಗುವುದು. ನಾವು ಬೋರ್ಡಿನ ಹಿಂದಿನ ತುದಿ ಹಿಡಿದಿದ್ದರೆ 20 ಕೆಜಿಯ ಮಗು ನಿಂತೇ ನಿಲ್ಲುತ್ತದೆ, ಅದರಲ್ಲಿ ದೊಡ್ಡ ವಿಷಯ ಇಲ್ಲ. ಅಪ್ಪ ಅಮ್ಮನಿಗೆ ಫೋಟೋ ಸಿಗುತ್ತದೆ. ಮರುದಿನ ಅದೇ ಮಗು ನೀರು ನೋಡಿ ಅಳುತ್ತದೆ. ಯಾಕೆ ಅಂದರೆ ಮೊದಲ ದಿನ ಆರೇಳು ಸಲ ಬಿದ್ದು ಮೂಗಿಗೆ ಉಪ್ಪುನೀರು ಹೋಗಿರುತ್ತದೆ. ಬೀಳುವುದು ಹೇಗೆ ಅಂತ ಯಾರೂ ಹೇಳಿಕೊಟ್ಟಿರುವುದಿಲ್ಲ.

ನನ್ನ ಮೊದಲ ಸೀಸನ್ ಪೂರ್ತಿ ನಷ್ಟ. ಮೆತ್ತನೆ ಮೈಯ ಹಳೆಯ ಸಾಫ್ಟ್ ಬೋರ್ಡ್ ಎರಡು, ಒಂದಕ್ಕೆ ಹೆಚ್ಚು ಕಡಿಮೆ 18 ಸಾವಿರ ಕೊಟ್ಟೆ. ಲೀಶ್ (ಬೋರ್ಡನ್ನು ಕಾಲಿಗೆ ಕಟ್ಟುವ ಹಗ್ಗ), ರ‍್ಯಾಶ್ ಗಾರ್ಡ್ (ಮೈ ಉಜ್ಜದಂತೆ ಹಾಕುವ ಅಂಗಿ), ಬೈಕಿಗೆ ಬೋರ್ಡ್ ಕಟ್ಟುವ ಕಬ್ಬಿಣದ ಚೌಕಟ್ಟು ಎಲ್ಲಾ ಸೇರಿ 60 ಸಾವಿರ ದಾಟಿತ್ತು. ಕೈಗೆ ಬಂದದ್ದು 40 ಇರಬೇಕು. ಕಡಿಮೆ ದುಡ್ಡಿಗೆ ನಾಲ್ಕು ಮಕ್ಕಳನ್ನು ಒಟ್ಟಿಗೆ ತಗೊಂಡೆ, ಅದು ದೊಡ್ಡ ತಪ್ಪು. ಒಂದು ಮಗು ನೀರಲ್ಲಿ, ಮೂರು ಮಕ್ಕಳು ದಡದಲ್ಲಿ ಕಾಯುತ್ತಾ ಚಳಿಗೆ ನಡುಗುತ್ತಾ ಇರುತ್ತಿದ್ದವು. ಅಮ್ಮಂದಿರು ಮೊಣಕಾಲಷ್ಟು ನೀರಿಗೆ ಬಂದು ಫೋನ್ ಹಿಡಿದು ನಿಂತಿರುತ್ತಿದ್ದರು.

ಅದೇ ವರ್ಷ ಒಬ್ಬ ಹುಡುಗನ ಮೀನಖಂಡಕ್ಕೆ ಫಿನ್, ಅಂದರೆ ಬೋರ್ಡಿನ ಅಡಿಯ ರೆಕ್ಕೆ ತಾಗಿ ನಾಲ್ಕು ಹೊಲಿಗೆ ಬಿತ್ತು. ಆ ಬೋರ್ಡಿನದು ಗಟ್ಟಿ ಪ್ಲಾಸ್ಟಿಕ್ ಫಿನ್. ಫೀಸು ವಾಪಸ್ ಕೊಟ್ಟೆ, ಆಸ್ಪತ್ರೆ ಬಿಲ್ಲು ನಾನೇ ಕಟ್ಟಿದೆ. ಅವನ ಅಪ್ಪ ಒಂದು ಮಾತೂ ಬೈಯಲಿಲ್ಲ, ಅದೇ ನನಗೆ ಹೆಚ್ಚು ನೋವಾಯಿತು. ಅವತ್ತಿನಿಂದ ಮಕ್ಕಳ ಬೋರ್ಡಿಗೆ ಬಗ್ಗುವ ರಬ್ಬರ್ ಫಿನ್ ಬಿಟ್ಟು ಬೇರೆ ಹಾಕಿಲ್ಲ. ಬೋರ್ಡ್ ಸ್ವಲ್ಪ ಅತ್ತಿತ್ತ ಹೋದರೂ ಪರವಾಗಿಲ್ಲ. ನೊರೆಯಲ್ಲಿ ಸೀದಾ ಬರಲು ಅದು ಧಾರಾಳ ಸಾಕು.

ಇನ್ನೊಂದು ದಿನ ಇದಕ್ಕಿಂತ ಕೆಟ್ಟದ್ದು. ಇಳಿತ ಶುರುವಾದ ಹೊತ್ತಿನಲ್ಲಿ ಹೊಳೆ ಕಡಲು ಸೇರುವ ಅಳಿವೆಗೆ ಹತ್ತಿರ ನಿಂತು ಕಲಿಸುತ್ತಿದ್ದೆ. ಅಲ್ಲಿ ಅಲೆ ಚಂದ ಬರುತ್ತಿತ್ತು, ಆಸೆಗೆ ಬಿದ್ದೆ. ಇಳಿತದಲ್ಲಿ ಎರಡು ಹೊಳೆಯ ನೀರೂ ಕಡಲ ಕಡೆಗೆ ಎಳೆಯುತ್ತದೆ ಅಂತ ಗೊತ್ತಿದ್ದೂ ನಿಂತಿದ್ದೆ. ಲೀಶ್ ಸರಿಮಾಡಲು ಬಗ್ಗಿ ಏಳುವಷ್ಟರಲ್ಲಿ ಬೋರ್ಡ್ ಮೇಲೆ ಮಲಗಿದ್ದ ಹುಡುಗ ಹೊರಕ್ಕೆ ಹೋಗುತ್ತಿದ್ದಾನೆ. 30 ಮೀಟರ್ ಈಜಿ ಹಿಡಿದೆ. ಅವನಿಗೆ ಅದು ಸವಾರಿ, ನಗುತ್ತಿದ್ದ. ನನಗೆ ಮಾತ್ರ ಆ ರಾತ್ರಿ ನಿದ್ದೆ ಬರಲಿಲ್ಲ. ಈಗ ಇಳಿತದಲ್ಲಿ ಅಳಿವೆಯ ಹತ್ತಿರ ಮಕ್ಕಳನ್ನು ಇಳಿಸುವುದೇ ಇಲ್ಲ, ಎಷ್ಟು ಒಳ್ಳೆ ಅಲೆ ಇದ್ದರೂ ಸರಿ. ದಡದಲ್ಲಿ ನೋಡಿಕೊಳ್ಳಲು ಒಬ್ಬ ಹುಡುಗ ಇರಲೇಬೇಕು. ಅವನಿಗೆ ಬೆಳಗಿನ ಹೊತ್ತಿಗೆ 600 ಕೊಡುತ್ತೇನೆ. ಈ ದುಡ್ಡನ್ನು ಉಳಿಸಲು ಹೋಗಬೇಡಿ.

ಎರಡನೇ ಸೀಸನ್ನಿಗೆ ಕ್ರಮ ಬದಲಾಯಿಸಿದೆ. ಒಂದೊಂದೇ ದಿನದ ಪಾಠ ನಿಲ್ಲಿಸಿದೆ. ಮೂರು ದಿನಕ್ಕೆ ಬರುವುದಾದರೆ ಬನ್ನಿ, ಮೊದಲ ದಿನ ಮಗುವನ್ನು ನಿಲ್ಲಿಸುವುದಿಲ್ಲ ಅಂತ ಫೋನಿನಲ್ಲೇ ಹೇಳಿದೆ. ಪಕ್ಕದಲ್ಲೇ ಕಲಿಸುವ ಹಳೆ ಗೆಳೆಯ ಹೇಳಿದ, "ಎಂತ ಮಾರಾಯ, ಬೆಂಗಳೂರಿನವರು ಬರುವುದೇ ಎರಡು ರಾತ್ರಿಗೆ. ಅವರಿಗೆ ಒಂದು ಫೋಟೋ ಸಾಕು. ನಿಲ್ಲಿಸದಿದ್ದರೆ ಯಾರು ದುಡ್ಡು ಕೊಡ್ತಾರೆ?" ಅವನ ಮಾತು ಆ ವರ್ಷ ನಿಜವೇ ಆಯಿತು. ಡಿಸೆಂಬರ್ ಪೂರ್ತಿ ಐದು ಮಕ್ಕಳು ಬಂದಿರಬಹುದು. ಮನೆಯಲ್ಲಿ ಅಮ್ಮ ಮಂಗಳೂರಿನಲ್ಲಿ ಕೆಲಸ ನೋಡು ಅಂದರು. ಆದರೆ ಆ ಐದರಲ್ಲಿ ನಾಲ್ಕು ಮನೆಯವರು ಏಪ್ರಿಲ್‌ನಲ್ಲಿ ಮತ್ತೆ ಬಂದರು, ಜೊತೆಗೆ ಚಿಕ್ಕಪ್ಪನ ಮಕ್ಕಳು, ಶಾಲೆಯ ಸ್ನೇಹಿತರನ್ನೂ ಕರೆತಂದರು.

ಕ್ರಮ ಹೀಗೆ. ಮೊದಲ ಬೆಳಗ್ಗೆ ಬೋರ್ಡ್ ದಡದಲ್ಲೇ ಇರುತ್ತದೆ. ಮಗುವಿನ ಸೊಂಟದವರೆಗೆ ನೀರು. ಹತ್ತು ನಿಮಿಷ ಬರೀ ಬೀಳುವುದು. ಹಿಂದಕ್ಕೆ, ಪಕ್ಕಕ್ಕೆ, ಮೈ ಅಗಲ ಮಾಡಿಕೊಂಡು. ತಲೆ ಮುಂದೆ ಮಾಡಿ ಧುಮುಕಬಾರದು, ಕೆಳಗೆ ಮರಳು ಎಷ್ಟು ಹತ್ತಿರ ಇರುತ್ತದೆ ಅಂತ ನಿಮಗೆ ಗೊತ್ತು. ಮೇಲೆ ಬರುವಾಗ ಎರಡೂ ಕೈ ತಲೆಯ ಮೇಲೆ. ಇದು ಆಟ ಅಂತಲೇ ಆಗಬೇಕು. ನಾನೂ ಬೀಳುತ್ತೇನೆ, ಯಾರು ಜೋರಾಗಿ ನೀರು ಚಿಮ್ಮಿಸುತ್ತಾರೆ ಅಂತ ಪಂದ್ಯ. ಆಮೇಲೆ ಬೋರ್ಡ್ ಮೇಲೆ ಹೊಟ್ಟೆ ಹಾಕಿ ಮಲಗಿ ಬರೀ ಜಾರುವುದು. ಮೊದಲ ಮೂರು ಅಲೆಗೆ ತಳ್ಳುತ್ತೇನೆ. ನಾಲ್ಕನೆಯದಕ್ಕೆ ಕೈ ಬಿಡುತ್ತೇನೆ. ಎಂಥ ಅಲೆ ನೋಡಿ ಕೈ ಬಿಡಬೇಕು, ಬಿಡುವ ಮುಂಚೆ ಮಗುವಿನ ಕಿವಿಯಲ್ಲಿ ಏನು ಹೇಳಬೇಕು ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅದು ನಾನು ಎರಡು ವರ್ಷ ಕಷ್ಟಪಟ್ಟು ಕಂಡುಕೊಂಡದ್ದು, ನನ್ನ ಹತ್ತಿರವೇ ಇರಲಿ.

ಒಟ್ಟು 25 ನಿಮಿಷ. ಗಡಿಯಾರ ನೋಡಿ ನಿಲ್ಲಿಸುತ್ತೇನೆ. ನಮ್ಮ ಕಡಲ ನೀರು ಬೆಚ್ಚಗೇ ಇದ್ದರೂ ಸಣ್ಣ ಮೈ ಬೇಗ ತಣ್ಣಗಾಗುತ್ತದೆ. 40 ನಿಮಿಷಕ್ಕೆ ತುಟಿ ನೀಲಿಯಾಗಿರುತ್ತದೆ. "ಅಣ್ಣಾ, ಇನ್ನೊಂದೇ ಒಂದು" ಅಂತ ಕೇಳುವಾಗಲೇ ಹೊರಗೆ ಕರೆತರಬೇಕು. ಆ ಆಸೆ ಮರುದಿನ ಬೆಳಗ್ಗೆ 6 ಗಂಟೆಗೆ ಮಗುವನ್ನು ತಾನಾಗಿ ಎಬ್ಬಿಸುತ್ತದೆ.

ಬೆಳಗ್ಗೆ ಮಾತ್ರ ಕಡಲು. ಮೂಡುಗಾಳಿ ಇರುವವರೆಗೆ ಅಲೆ ನುಣುಪಾಗಿ ಬರುತ್ತದೆ. ಹತ್ತೂವರೆ ಮೇಲೆ ಪಡುಗಾಳಿ ಎದ್ದರೆ ನೀರೆಲ್ಲಾ ಕಲಕಿದ ಹಾಗೆ, ಮಕ್ಕಳಿಗೆ ಅದರಲ್ಲಿ ಏನೂ ಕಾಣುವುದಿಲ್ಲ. ಹಾಗಾದರೆ ಸಂಜೆ ಏನು ಮಾಡುವುದು? ಇಲ್ಲೇ ನನಗೆ ಅಡಿಕೆ ಹಾಳೆ ನೆನಪಾಯಿತು. ಚಿಕ್ಕವರಿದ್ದಾಗ ಹಾಳೆಯ ಮೇಲೆ ಕೂತು ಎಳೆಸಿಕೊಂಡವರೇ ಅಲ್ವಾ ನಾವೆಲ್ಲ? ಸಂಜೆ ಒದ್ದೆ ಮರಳಿನ ಮೇಲೆ ಮಗುವನ್ನು ಹಾಳೆಯಲ್ಲಿ ಕೂರಿಸಿ ಎಳೆದೆ. ಆಮೇಲೆ ಮಂಡಿಯೂರಿ. ಆಮೇಲೆ ನಿಂತು, ನನ್ನ ಕೈಯ ಹಗ್ಗ ಹಿಡಿದುಕೊಂಡು. ಬಿದ್ದರೆ ಮರಳು, ಭಯ ಇಲ್ಲ. ಬೋರ್ಡ್ ಮೇಲೆ ನಿಲ್ಲುವಾಗ ಯಾವ ಕಾಲು ಮುಂದೆ ಇಡುತ್ತದೆ ಅಂತ ಮಗು ತಾನೇ ತೋರಿಸಿಬಿಡುತ್ತದೆ. ಮೊದಲು ನಾನು ಹಿಂದಿನಿಂದ ಮೆಲ್ಲನೆ ನೂಕಿ ಕಾಲು ನೋಡುತ್ತಿದ್ದೆ, ಅದು ಎಷ್ಟೋ ಸಲ ತಪ್ಪುತ್ತಿತ್ತು. ಹಾಳೆಯಲ್ಲಿ ತಪ್ಪಿದ್ದು ಇಡೀ ಸೀಸನ್ನಿನಲ್ಲಿ ಒಂದೋ ಎರಡೋ. ಮಂಡಿ ಬಗ್ಗಿಸು, ಮುಂದೆ ನೋಡು ಅಂತ ನೂರು ಸಲ ಹೇಳುವುದೂ ತಪ್ಪಿತು. ಕೆಳಗೆ ನೋಡಿದರೆ ಹಾಳೆ ಜಾರುತ್ತದೆ, ಮಗುವಿಗೇ ಗೊತ್ತಾಗುತ್ತದೆ.

ಎರಡನೇ ಬೆಳಗ್ಗೆ ಮತ್ತೆ ಹೊಟ್ಟೆ ಹಾಕಿಯೇ ಶುರು. ಮಗು ಅಲೆ ನೋಡಿ "ಇದು" ಅಂತ ತಾನೇ ಹೇಳಬೇಕು. ಅಲ್ಲಿಯವರೆಗೆ ಏಳು ಅನ್ನುವುದಿಲ್ಲ. ಹೆಚ್ಚಿನ ಮಕ್ಕಳು ಆ ದಿನವೇ ಹೇಳದೆ ಕೇಳದೆ ಎದ್ದುಬಿಡುತ್ತಾರೆ. ಮೂರನೇ ಬೆಳಗ್ಗೆ ನಾನು ಪಕ್ಕದಲ್ಲಿ ಇರುತ್ತೇನೆ, ಬೋರ್ಡ್ ಮುಟ್ಟುವುದಿಲ್ಲ. ಆ ಹೊತ್ತು ನೋಡಲು ನನಗೆ ಈಗಲೂ ಎದೆ ಹೊಡೆದುಕೊಳ್ಳುತ್ತದೆ.

ಬೋರ್ಡಿನ ಉದ್ದದ ಬಗ್ಗೆ ಒಂದು ಮಾತು. 8 ಅಡಿಯದು ದೊಡ್ಡವರಿಗೆ ಸರಿ. 20–25 ಕೆಜಿಯ ಮಗುವಿಗೆ ಅದನ್ನು ತಿರುಗಿಸಲೇ ಆಗುವುದಿಲ್ಲ, ಗಾಳಿ ಬಂದರೆ ಬೋರ್ಡೇ ಮಗುವನ್ನು ಎಳೆದುಕೊಂಡು ಹೋಗುತ್ತದೆ. 30 ಕೆಜಿ ಒಳಗಿನವರಿಗೆ 6 ಅಡಿ, ಮೇಲಿನವರಿಗೆ 7 ಅಡಿ ಇಟ್ಟುಕೊಂಡಿದ್ದೇನೆ. ದುಡ್ಡು ಉಳಿಸಲು ಅಗ್ಗದ ಥರ್ಮಾಕೋಲ್ ಹಲಗೆ ಆರು ತಂದಿದ್ದೆ, ಬರೀ ಜಾರಲು ಸಾಕಲ್ಲ ಅಂತ. ಮೊದಲ ವಾರವೇ ಎರಡು ಮುರಿದವು. ಬಿಳಿ ಕಾಳು ದಡದ ತುಂಬಾ ಹರಡಿ, ಒಂದು ಸಂಜೆ ಪೂರ್ತಿ ಮರಳಿನಿಂದ ಹೆಕ್ಕಿದೆ. ಉಳಿದ ನಾಲ್ಕನ್ನು ನೀರಿಗೇ ಇಳಿಸಲಿಲ್ಲ.

ದಪ್ಪ ಲೈಫ್ ಜಾಕೆಟ್ ಸಹ ಸರಿ ಬರಲಿಲ್ಲ. ಹೊಟ್ಟೆ ಹಾಕಿ ಮಲಗಿದರೆ ಅದು ಗಲ್ಲಕ್ಕೆ ತಾಗಿ ತಲೆ ಎತ್ತಲು ಬಿಡುವುದಿಲ್ಲ. ತೆಳ್ಳಗಿನ ತೇಲುವ ವೆಸ್ಟ್ ತರಿಸಿದೆ, ಒಂದಕ್ಕೆ ಮೂರು ಸಾವಿರದ ಹತ್ತಿರ. ಈಜು ಬರುವ ಮಗುವಿಗೂ ಹಾಕಿಸುತ್ತೇನೆ.

ವ್ಯಾಕ್ಸ್, ಅಂದರೆ ಬೋರ್ಡ್ ಮೇಲೆ ಜಾರದಂತೆ ಹಚ್ಚುವ ಮೇಣ, ಮನೆಯಲ್ಲೇ ಮಾಡಲು ಹೋದದ್ದು ಇನ್ನೊಂದು ಕತೆ. ಏಪ್ರಿಲ್ ಬಿಸಿಲಿಗೆ ಕೊಂಡ ವ್ಯಾಕ್ಸ್ ಕರಗುತ್ತಿತ್ತು. ಜೇನುಮೇಣಕ್ಕೆ ತೆಂಗಿನೆಣ್ಣೆ ಸೇರಿಸಿದೆ, ಜಾರಿತು. ಎಣ್ಣೆ ಕಡಿಮೆ ಮಾಡಿ ರಾಳ ಸೇರಿಸಿದೆ. ಹಿಡಿತ ಎಂತ ಹಿಡಿತ! ನನಗೆ ತುಂಬಾ ಖುಷಿಯಾಗಿತ್ತು. ಆದರೆ ಮಕ್ಕಳ ಹೊಟ್ಟೆ ಕೆಂಪಾಗಿ ಉರಿಯಿತು. ಬಿಟ್ಟುಬಿಟ್ಟೆ. ದೊಡ್ಡವರ ಬೋರ್ಡಿಗೆ ಈಗಲೂ ಅದನ್ನೇ ಹಾಕುತ್ತೇನೆ. ಯಾವುದಕ್ಕೆ ಎಷ್ಟು ಅನ್ನುವ ಅಳತೆ ಮಾತ್ರ ಕೇಳಬೇಡಿ.

ಊಟದ ಪಾಠ ಮಕ್ಕಳೇ ಕಲಿಸಿದರು. ಹಾಲು ಕುಡಿದು ಬಂದವರು ಉಪ್ಪುನೀರು ಬಾಯಿಗೆ ಹೋದ ಕೂಡಲೇ ವಾಂತಿ. ಈಗ ನೀರಿಗಿಳಿಯುವ ಅರ್ಧ ಗಂಟೆ ಮುಂಚೆ ಒಂದು ಬಾಳೆಹಣ್ಣು, ಅಷ್ಟೇ. ಹೊರಗೆ ಬಂದ ಮೇಲೆ ನಮ್ಮ ಮನೆಯ ಬಿಸಿ ಗಂಜಿ, ಮೇಲೆ ತುಪ್ಪ. ಮನೆಯಲ್ಲಿ ಊಟಕ್ಕೆ ಗಲಾಟೆ ಮಾಡುವ ಮಕ್ಕಳೂ ಎರಡು ಬಟ್ಟಲು ಉಣ್ಣುತ್ತಾರೆ. ಅಮ್ಮ ಈಗ ಮಂಗಳೂರಿನ ಕೆಲಸದ ಮಾತು ಎತ್ತುವುದಿಲ್ಲ.

ಅಪ್ಪ ಅಮ್ಮಂದಿರಿಗೆ ಒಂದೇ ನಿಯಮ. ದಡದ ತೆಂಗಿನ ಮರದ ಹತ್ತಿರ ಕೂರಬೇಕು, ಹೆಸರು ಹಿಡಿದು ಕೂಗಬಾರದು. ಎಂಟು ವರ್ಷದ ಒಬ್ಬಳು ಪ್ರತಿ ಸಲ ಬಿದ್ದಾಗಲೂ ಅಪ್ಪನ ಮುಖ ನೋಡುತ್ತಿದ್ದಳು. ಅವರ ಮುಖದಲ್ಲಿ ಗಾಬರಿ ಕಂಡರೆ ಅಳು. "ಸರ್, ನೀವು ಒಂದು ಚಾ ಕುಡಿದು ಬನ್ನಿ" ಅಂತ ಕಳಿಸಿದೆ. ಅವರು ವಾಪಸ್ ಬರುವಾಗ ಅವಳು ಐದನೇ ಅಲೆಯಲ್ಲಿ ಬರುತ್ತಿದ್ದಳು.

ದುಡ್ಡಿನ ಲೆಕ್ಕ ನೆನಪಿನಿಂದ ಹೇಳುತ್ತೇನೆ. ಮೂರು ದಿನಕ್ಕೆ ಒಂದು ಮಗುವಿಗೆ 7,500. ಬೆಳಗ್ಗೆ ಮೂರು ಮಕ್ಕಳಿಗಿಂತ ಜಾಸ್ತಿ ತಗೊಳ್ಳುವುದಿಲ್ಲ. ಹೋದ ಬೇಸಿಗೆಯಲ್ಲಿ ಒಂದು ಲಕ್ಷದ 40 ಸಾವಿರದ ಆಸುಪಾಸು ಬಂತು. ದಡದ ಹುಡುಗನ ಸಂಬಳ, ಬೋರ್ಡ್ ರಿಪೇರಿ, ವೆಸ್ಟ್, ಪೆಟ್ರೋಲ್ ಕಳೆದು 90 ಸಾವಿರ ಉಳಿದಿರಬೇಕು. ಮಗು ಬೇಡ ಅಂದರೆ ಉಳಿದ ದಿನದ ದುಡ್ಡು ವಾಪಸ್. ನಿಲ್ಲದ ಆ ಮೂವರಲ್ಲಿ ಒಬ್ಬನಿಗೆ ಕಿವಿ ನೋವು ಬಂತು, ಇಬ್ಬರಿಗೆ ಮನಸ್ಸಿರಲಿಲ್ಲ. ಇಬ್ಬರಿಗೂ ಹಾಳೆ ಎಳೆದು ಕಳಿಸಿದೆ.

ಮಳೆಗಾಲ ಕಳೆದು ಅಕ್ಟೋಬರ್ ಬಂದಾಗ ಮರಳದಿಣ್ಣೆ ಹೋದ ವರ್ಷದ ಜಾಗದಲ್ಲಿ ಇರುವುದಿಲ್ಲ. ದಸರಾ ರಜೆಗೆ ಮೊದಲು ನಾನು ನಾಲ್ಕೈದು ದಿನ ಪೂರ್ತಿ ಇಳಿತದಲ್ಲಿ ನಡೆದು, ಎಲ್ಲಿ ಗುಂಡಿ, ಎಲ್ಲಿ ಸೆಳೆತ ಅಂತ ಕಾಲಿನಲ್ಲೇ ನೋಡಿಕೊಳ್ಳುತ್ತೇನೆ. ಜೆಲ್ಲಿ ಮೀನು ಕಂಡ ದಿನ ರಜೆ.

ಮೇ ಕೊನೆಯಲ್ಲಿ ಪಕ್ಕದಲ್ಲಿ ಕಲಿಸುವ ಅದೇ ಹಳೆ ಗೆಳೆಯ ತನ್ನ ಅಕ್ಕನ ಮಗನನ್ನು ಕರೆದುಕೊಂಡು ಬಂದ. ಮೂರು ಬೆಳಗ್ಗೆಯೂ ದಡದಲ್ಲಿ ನಿಂತು ನೋಡಿದ. ಕೊನೆಯ ದಿನ ಬೋರ್ಡ್ ಕಟ್ಟಲು ಕೈ ಹಾಕುತ್ತಾ, "ಹಾಳೆ ಎಲ್ಲಿಂದ ತರ್ತೀ?" ಅಂತ ಕೇಳಿದ. ತೋಟದಲ್ಲಿ ಉದುರಿದ ದಿನವೇ ಹೆಕ್ಕಿದ ಅಗಲದ ಹಾಳೆ ಆಗಬೇಕು. ಒಣಗಿದ್ದಾದರೆ ಒಂದು ರಾತ್ರಿ ನೀರಲ್ಲಿ ನೆನೆಸಿಡಬೇಕು, ಇಲ್ಲದಿದ್ದರೆ ಮಧ್ಯದಲ್ಲಿ ಸೀಳುತ್ತದೆ. ಅಂಚು ಚೂಪಾಗಿದ್ದರೆ ಕತ್ತಿಯಲ್ಲಿ ಸವರಿ ತೆಗೆಯಿರಿ. ಒಂದು ಹಾಳೆ ಮೂರು ನಾಲ್ಕು ಸಂಜೆ ಬರುತ್ತದೆ.